ಎದೆ ಒತ್ತಲು ಅಂಜಬೇಡಿ

ಹೃದಯ ನಿಂತವರ ಎದೆ ಒತ್ತಿ ಉಳಿಸಲೆತ್ನಿಸುವ ಪ್ರಥಮ ಚಿಕಿತ್ಸೆಯಾದ ಸಿಪಿಆರ್ ತರಬೇತಿ ಮುಗಿಸಿ ಬಂದ ಮೇಲೆ ಧೈರ್ಯಕ್ಕಿಂತ ಅಳುಕೇ ಹೆಚ್ಚಾಗಿದೆ ಎಂದು ಬರೆದಿದ್ದೀರಿ. ವೈದ್ಯನಲ್ಲದ ನಾನು ಒತ್ತಿ ಪಕ್ಕೆಲುಬು ಮುರಿದರೆ, ಹೃದಯದ ಲಯ ಸರಿಪಡಿಸಲು ಬಳಸುವ ಎಇಡಿ ಎಂಬ ಯಂತ್ರ ಬಡಿಯುತ್ತಿರುವ ಹೃದಯಕ್ಕೇ ಶಾಕ್ ಕೊಟ್ಟುಬಿಟ್ಟರೆ ತಪ್ಪು ನನ್ನದಾಗುವುದಿಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ಕರೆದರೂ ಭುಜ ತಟ್ಟಿದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಬಿದ್ದಿರುವವರ ಹೃದಯ ನಿಂತಿದೆ ಎಂದೇ ತಿಳಿದು ನಾವು ಕೈಹಾಕಬೇಕು. ಸುಮ್ಮನೆ ನಿಂತರೆ ಅವರು ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ 7ರಿಂದ 10ರಷ್ಟು ಕುಗ್ಗುತ್ತ ಹೋಗುತ್ತದೆ. ಪಕ್ಕೆಲುಬು ಮುರಿಯುವುದುಂಟು, ನುರಿತವರ ಕೈಯಲ್ಲೂ ಮುರಿಯುತ್ತದೆ. ಆದರೆ ಮುರಿದ ಎಲುಬು ಕೂಡಿಕೊಳ್ಳುತ್ತದೆ. ರಕ್ತ ಸಿಗದೆ ಸತ್ತ ಮಿದುಳಿನ ಜೀವಕೋಶ ಮರಳಿ ಬಾರದು.

ನನಗೆ ನಿಜವಾಗಿ ಆತಂಕ ತರುವುದು ನಿಮ್ಮ ಪತ್ರದಲ್ಲಿಲ್ಲದ ಇನ್ನೊಂದು ಸಂಗತಿ. ಹೃದಯ ನಿಂತ ಮೊದಲ ಕೆಲವು ನಿಮಿಷ ಹಲವರು ಬಾಯಿ ತೆರೆದು, ಗದ್ದ ಮೇಲೆತ್ತಿ, ನೀರಿನಿಂದ ಹೊರಬಿದ್ದ ಮೀನಿನಂತೆ ಒಂದು ಗುಟುಕು ಗಾಳಿ ಎಳೆದು ಸುಮ್ಮನಾಗುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಗೊರ್ರೆಂದು ಮತ್ತೊಮ್ಮೆ. ನೋಡುವವರು ‘ಉಸಿರಿದೆ’ ಎಂದು ಸಮಾಧಾನಪಟ್ಟು ನೀರು ತರಲು ಓಡುತ್ತಾರೆ. ಅದು ಉಸಿರಾಟವಲ್ಲ. ಆ ಕ್ಷಣದಲ್ಲೇ ಆಂಬ್ಯುಲೆನ್ಸ್‌ಗೆ ಕರೆ ಮಾಡಿಸಿ, ಎದೆಯ ನಡುಮೂಳೆಯ ಕೆಳಭಾಗದಲ್ಲಿ ಅಂಗೈಯ ಬುಡವೂರಿ, ಮೊಣಕೈ ಮಡಿಸದೆ, ವಯಸ್ಕರಿಗಾದರೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಏಕೆಂದರೆ ಹೃದಯಕ್ಕೆ ರಕ್ತ ಮರಳಿ ತುಂಬಿಕೊಳ್ಳುವುದು ಆಗಲೇ.

ಯಂತ್ರದ ಬಗ್ಗೆ ನಿಮ್ಮ ಭಯ ಅನಗತ್ಯ. ಬೆವರು ಒರೆಸಿ ಒಂದು ಪ್ಯಾಡನ್ನು ಬಲಗಡೆಯ ಕೊರಳೆಲುಬಿನ ಕೆಳಗೂ ಇನ್ನೊಂದನ್ನು ಎಡಕಂಕುಳಿನ ಕೆಳಗೆ ಪಕ್ಕೆಗೂ ಅಂಟಿಸಿದರೆ ಎಇಡಿ ತಾನೇ ಹೃದಯದ ಲಯವನ್ನು ಓದುತ್ತದೆ. ಹೃದಯ ಬಡಿಯದೆ ಅದುರುತ್ತಿರುವಂಥ, ಶಾಕ್‌ನಿಂದ ಸರಿಹೋಗಬಹುದಾದ ಲಯ ಕಂಡರೆ ಮಾತ್ರ ಶಾಕ್ ಕೊಡಲು ಸಿದ್ಧವಾಗುತ್ತದೆ. ಆಗ ಯಾರೂ ರೋಗಿಯನ್ನು ಮುಟ್ಟಿರಬಾರದು. ಶಾಕ್ ಕೊಟ್ಟ ಮರುಗಳಿಗೆಯೇ ಮತ್ತೆ ಒತ್ತಲು ತೊಡಗಬೇಕು.

ವೈದ್ಯನಲ್ಲ ಎಂದು ಹಿಂಜರಿದಿದ್ದೀರಲ್ಲ, ಎದೆ ತೆರೆಯದೆಯೇ ಹೊರಗಿನಿಂದ ಒತ್ತುವ ಈ ವಿಧಾನವನ್ನು 1960ರಲ್ಲಿ ಜಗತ್ತಿನ ಮುಂದಿಟ್ಟ ಮೂವರಲ್ಲಿ ಮೊದಲಿಗರಾದ ವಿಲಿಯಂ ಕೌವೆನ್‌ಹೋವೆನ್ ವಿದ್ಯುತ್ ಎಂಜಿನಿಯರ್.

ಮತ್ತೊಮ್ಮೆ ತರಬೇತಿಗೆ ಖಂಡಿತ ಹೋಗಿ; ಕಲಿತ ಕೈಚಳಕ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ. ಈ ಸಲ ಬೊಂಬೆಯ ಎದೆಯನ್ನು ಪೂರ್ತಿ 2 ನಿಮಿಷ ಬಿಡದೆ ಒತ್ತಿ ನೋಡಿ. ತೋಳು ಎಷ್ಟು ಬೇಗ ಸೋಲುತ್ತದೆ ಎಂಬುದು ತಿಳಿಯುತ್ತದೆ. ಪಕ್ಕದವರನ್ನು ಕರೆದು ಲಯ ತಪ್ಪದಂತೆ ಜಾಗ ಬಿಟ್ಟುಕೊಡುವುದನ್ನೂ ಆಗಲೇ ರೂಢಿಸಿಕೊಳ್ಳಿ.