ಮೇಷ್ಟ್ರೇ, ಆ ಗಾಡಿ ಇನ್ನೂ ಊರು ಮುಟ್ಟಿಲ್ಲ

ತೀರ್ಥಹಳ್ಳಿ ಕಡೆಯ ಹೈಸ್ಕೂಲ್ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: ಯು.ಆರ್. ಅನಂತಮೂರ್ತಿ ಅವರ 'ಸಂಸ್ಕಾರ' ಕಾದಂಬರಿಯ ಬಗ್ಗೆ ಮೂರು ವಾರ ಕೂತು ಆನ್‌ಲೈನ್ ವಿಶ್ವಕೋಶಕ್ಕೆ ಲೇಖನ ಬರೆದೆ, ಯಾರೋ ಬಂದು 'ಹೊಗಳಿಕೆಯ ಧಾಟಿ, ಉಲ್ಲೇಖ ಇಲ್ಲ' ಅಂತ ಮೇಲೆ ಪಟ್ಟಿ ಹಚ್ಚಿ ಅರ್ಧ ಕಿತ್ತುಹಾಕಿದ್ದಾರೆ, ನಮ್ಮ ಪುಸ್ತಕವನ್ನ ನಾವು ಹೊಗಳಿದ್ರೆ ತಪ್ಪೇನು, ಎಲ್ಲರಿಗೂ ಗೊತ್ತಿರೋದಕ್ಕೂ ಸಾಕ್ಷಿ ಬೇಕಾ?

ಮೇಷ್ಟ್ರೇ, ನೀವು ಕಳಿಸಿದ ಪ್ರಿಂಟ್‌ಔಟ್ ಎರಡು ಸಲ ಓದಿದೆ. ಬೇಜಾರಾಗಿರೋದು ಸಹಜ, ಮೂರು ವಾರದ ಕೆಲಸ. ಆದ್ರೂ ನಾನು ಪಟ್ಟಿ ಹಚ್ಚಿದವರ ಪರವೇ.

ನಿಮ್ಮ ಮೊದಲನೇ ವಾಕ್ಯ ನೋಡಿ: 'ಕನ್ನಡ ಸಾಹಿತ್ಯಲೋಕದ ಧ್ರುವತಾರೆಯಾದ ಈ ಅಮರ ಕೃತಿ ಇಡೀ ನಾಡನ್ನೇ ಬೆಚ್ಚಿಬೀಳಿಸಿತು.' ಇದನ್ನ ಓದಿದ ಪಿಯುಸಿ ಹುಡುಗಿಗೆ ಏನು ತಿಳೀತು? ಅದೇ ಜಾಗದಲ್ಲಿ, ಕಾದಂಬರಿ 1965ರಲ್ಲಿ ಬಂತು, 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಸಿನಿಮಾ ಮಾಡಿದ್ರು, ಸೆನ್ಸಾರ್‌ನವರು ಮೊದಲು ಅದನ್ನ ತಡೆದ್ರು, ಆಮೇಲೆ ಬಿಡುಗಡೆಯಾಗಿ ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು ಅಂತ ಬರೀರಿ, ಬೆಚ್ಚಿಬಿದ್ದಿದ್ದು ಯಾರು ಅಂತ ಅವಳಿಗೇ ಗೊತ್ತಾಗುತ್ತೆ. 'ಹಲವು ವಿಮರ್ಶಕರ ಪ್ರಕಾರ' ಅಂತ ನಾಲ್ಕು ಕಡೆ ಇದೆ. ಯಾವ ವಿಮರ್ಶಕರು, ಎಲ್ಲಿ ಬರೆದ್ರು? ಹೆಸರಿಲ್ಲದ ವಿಮರ್ಶಕ ಅಂದ್ರೆ ನೀವೇ, ಅಥವಾ ನಿಮಗೆ ಪಾಠ ಮಾಡಿದವರು.

ಎಲ್ಲದಕ್ಕೂ ಉಲ್ಲೇಖ ಹುಡುಕ್ತಾ ಅಲೀಬೇಕು ಅಂತ ಹೆದರ್ಕೋಬೇಡಿ. ದೂರ್ವಾಸಪುರದಲ್ಲಿ ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣ ಬಿದ್ದಿದ್ದು, ಯಾರು ಸಂಸ್ಕಾರ ಮಾಡ್ಬೇಕು ಅಂತ ಅಗ್ರಹಾರ ಒದ್ದಾಡಿದ್ದು, ಕೊನೆಗೆ ಅವನ ಜೊತೆಗಿದ್ದ ಚಂದ್ರಿ ಯಾರಿಗೂ ಹೇಳದೆ ಸುಡಿಸಿದ್ದು, ಇದಕ್ಕೆಲ್ಲ ಕಾದಂಬರಿಯೇ ಸಾಕ್ಷಿ. ಪುಟಸಂಖ್ಯೆ ಕೊಡೋದಾದ್ರೆ ಯಾವ ಮುದ್ರಣ ಅಂತ ಸೇರಿಸಿ, ಮುದ್ರಣ ಬದಲಾದ್ರೆ ಪುಟವೂ ಬದಲಾಗುತ್ತೆ. ಕಥೆ ಬಿಟ್ಟು ಅರ್ಥ ಹೇಳೋಕೆ ಹೊರಟ ತಕ್ಷಣ ಮಾತ್ರ ಬೇರೆಯವರ ಬರಹ ಬೇಕು.

ನೀವು ಜಾರಿದ್ದು ಅಲ್ಲೇ. 'ಪ್ರಾಣೇಶಾಚಾರ್ಯರು ಊರಿಗೆ ಮರಳಿ ತಪ್ಪೊಪ್ಪಿಕೊಂಡು ಶುದ್ಧರಾಗುತ್ತಾರೆ' ಅಂತ ಬರೆದಿದ್ದೀರಿ. ಇದು ಪುಸ್ತಕದಲ್ಲಿ ಇಲ್ಲ ಮೇಷ್ಟ್ರೇ! ಅಗ್ರಹಾರದ ಪಂಡಿತರಾದ ಈ ಆಚಾರ್ಯರು ಊರಿಗೆ ಹೊರಟ ಗಾಡಿ ಹತ್ತುತ್ತಾರೆ, ದಾರಿಯಲ್ಲಿ ಜೊತೆಯಾದ ಪುಟ್ಟ ಹಿಂದೆ ಉಳೀತಾನೆ, ದಾರಿ ಇನ್ನೂ ಬಾಕಿ ಇರೋವಾಗಲೇ ಕಾದಂಬರಿ ನಿಲ್ಲುತ್ತೆ. ಚಂದ್ರಿಯ ಜೊತೆ ಕೂಡಿದ್ದನ್ನ ಆಚಾರ್ಯರು ಊರಲ್ಲಿ ಹೇಳ್ತಾರೋ ಇಲ್ವೋ ಅಂತ ಅನಂತಮೂರ್ತಿ ನಮಗೆ ಹೇಳಲೇ ಇಲ್ಲ, ಇಷ್ಟು ವರ್ಷ ಜನ ಇದನ್ನ ಮತ್ತೆ ಮತ್ತೆ ಓದ್ತಿರೋದಕ್ಕೆ ಅದೂ ಒಂದು ಕಾರಣ ಅಂತ ನನಗನ್ಸುತ್ತೆ, ನೀವು ಪ್ರೀತಿಯಿಂದಲೇ ಆ ಬಾಗಿಲು ಮುಚ್ಚಿಬಿಟ್ಟಿದ್ದೀರಿ.

ಬರ್ಮಿಂಗ್‌ಹ್ಯಾಮಲ್ಲಿ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಅವರ ಸಿನಿಮಾ ನೋಡಿ ಕಾದಂಬರಿಗೆ ಪ್ರೇರಣೆ ಬಂತು ಅನ್ನೋ ಪ್ಯಾರಾ ಇಟ್ಕೊಳ್ಳಿ, ಆದ್ರೆ 'ಲೇಖಕರೇ ಹೇಳಿರುವಂತೆ' ಅಂತ ಸೇರಿಸಿ ಎಲ್ಲಿ ಹೇಳಿದ್ರು ಅಂತ ತೋರಿಸಿ. ಹೇಗೆ ಬರೆದೆ ಅನ್ನೋಕೆ ಲೇಖಕರ ಮಾತು ಸಾಕು. ಎಷ್ಟು ದೊಡ್ಡ ಕೃತಿ ಅನ್ನೋಕೆ ಅವರ ಮಾತೂ ನಡೆಯಲ್ಲ, ಪುಸ್ತಕದ ಬೆನ್ನುಡಿಯೂ ನಡೆಯಲ್ಲ. ಅದಕ್ಕೆ ಎ.ಕೆ. ರಾಮಾನುಜನ್ ತಮ್ಮ 1976ರ ಇಂಗ್ಲಿಷ್ ಅನುವಾದಕ್ಕೆ ಬರೆದ ಹಿನ್ನುಡಿ ಇದೆ, ಹಳೇ ಸಾಹಿತ್ಯ ಪತ್ರಿಕೆಗಳ ವಿಮರ್ಶೆಗಳಿವೆ. ಬೈದವರದ್ದನ್ನೂ ಹಾಕಿ. ಬ್ರಾಹ್ಮಣರನ್ನ ಕೆಟ್ಟದಾಗಿ ಚಿತ್ರಿಸಿದೆ ಅಂತ ಸಿಟ್ಟಾದವರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ರಾಮಾನುಜನ್ ಅನುವಾದ ನಮ್ಮ ಆಫೀಸ್ ಕಪಾಟಲ್ಲಿದೆ, ಹಿನ್ನುಡಿಯ ಜೆರಾಕ್ಸ್ ಈ ವಾರ ಪೋಸ್ಟ್ ಮಾಡ್ತೀನಿ. ಅದು ಬರೋವರೆಗೆ ಕಾಯ್ಬೇಡಿ, ಆ ಗಾಡಿಯ ವಾಕ್ಯವನ್ನ ಇವತ್ತೇ ಸರಿ ಮಾಡಿಬಿಡಿ.

— ಸಂ.