ಬರ್ಲಿನ್‌ನ ಚಳಿಗಾಲದ ಸೆಮಿಸ್ಟರ್ ಮತ್ತು ಸಸ್ಯಾಹಾರ

ನಮಸ್ಕಾರ. ಅಕ್ಟೋಬರ್‌ನಿಂದ ಒಂದು ಸೆಮಿಸ್ಟರ್ ಓದಲು ಬರ್ಲಿನ್‌ಗೆ ಹೊರಟಿರುವ ತಾವು, ಸಸ್ಯಾಹಾರಿಗೆ ಅಲ್ಲಿ ದಿನನಿತ್ಯದ ಊಟ ಹೇಗೆ, ಮನೆಯಿಂದ ಏನು ಒಯ್ಯಬೇಕು ಎಂದು ಕೇಳಿದ್ದೀರಿ. ಅಲ್ಲಿ ಒಂದು ಚಳಿಗಾಲ ಕಳೆದವನಾಗಿ ಹೇಳುತ್ತೇನೆ, ಖಂಡಿತ ಹೆದರಬೇಡಿ. ವಿಶ್ವವಿದ್ಯಾಲಯದ ಭೋಜನಶಾಲೆಯಾದ ‘ಮೆನ್ಸಾ’ದಲ್ಲಿ ಸಸ್ಯಾಹಾರವೂ ವೀಗನ್ ಊಟವೂ ವಿದ್ಯಾರ್ಥಿಗಳಿಗೆ ಕಡಿಮೆ ದರದಲ್ಲಿ ದೊರೆಯುತ್ತವೆ. ರಾತ್ರಿಯ ಅಡುಗೆ ಮಾತ್ರ ಬಹುತೇಕ ನಮ್ಮದೇ.

ಸಾರಿನ ಪುಡಿ, ಹುಳಿಪುಡಿ, ಇಂಗು ಮನೆಯಿಂದಲೇ ಬರಲಿ. ಆದರೆ ಅಮ್ಮ ಎಷ್ಟೇ ಒತ್ತಾಯಿಸಿದರೂ ತುಪ್ಪ, ಪೇಡ ಇಟ್ಟುಕೊಳ್ಳಬೇಡಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ತರುವಂತಿಲ್ಲ. ತೊಗರಿಬೇಳೆ ಏಷ್ಯನ್ ಅಂಗಡಿಗಳಲ್ಲಿ ಸಿಗುವುದರಿಂದ ಅದರ ಭಾರ ಹೊರುವ ಅಗತ್ಯವಿಲ್ಲ.

ಭಾನುವಾರ ಬಹುತೇಕ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ ಎಂಬುದನ್ನು ಮರೆಯದಿರಿ. ಮೊದಲ ಭಾನುವಾರ ನನ್ನ ಬಳಿ ಇದ್ದದ್ದು ಒಂದು ಲೋಟ ಅಕ್ಕಿ ಮತ್ತು ಅರ್ಧ ಡಬ್ಬಿ ಮೊಸರು. ಹಾಸ್ಟೆಲಿನ ಹಂಚಿಕೆಯ ಅಡುಗೆಮನೆಯಲ್ಲಿ ಕಿಟಕಿ ತೆರೆದಿಟ್ಟು, ಹೊಗೆ ಎದ್ದರೆ ಅಲಾರಾಂ ಕೂಗೀತೆಂಬ ಭಯದಲ್ಲಿ ಸಣ್ಣ ಉರಿಯಲ್ಲೇ ಸಾಸಿವೆ ಸಿಡಿಸಿ, ಇಂಗು ಹಾಕಿ ಮೊಸರನ್ನ ಕಲಸಿದೆ. ಪರಿಮಳಕ್ಕೆ ಪಕ್ಕದ ಕೋಣೆಯ ಪೋಲಿಷ್ ಹುಡುಗಿ ಬಂದು, ತನ್ನ ಬ್ರೆಡ್ಡನ್ನು ಹಂಚಿಕೊಂಡು ನನ್ನೊಡನೆ ಕುಳಿತು ಉಂಡಳು.

ಡಿಸೆಂಬರ್‌ನಲ್ಲಿ ಸೂರ್ಯ ಬೆಳಿಗ್ಗೆ 8 ಗಂಟೆಯ ನಂತರ ಹುಟ್ಟಿ ಸಂಜೆ 4ರೊಳಗೇ ಮುಳುಗುತ್ತಾನೆ. ಆ ಕತ್ತಲೆಯಲ್ಲಿ ಒಬ್ಬರೇ ಉಣ್ಣುವುದು ಬಹಳ ಕಷ್ಟ. ಆದ್ದರಿಂದ ವಾರಕ್ಕೊಮ್ಮೆಯಾದರೂ ಯಾರನ್ನಾದರೂ ಊಟಕ್ಕೆ ಕರೆಯಿರಿ.