ಓದುಗರ ಪ್ರಶ್ನೆ, ನಮ್ಮ ಉತ್ತರ: ಎಸ್‌ಎಸ್‌ಡಿ ಕೊಳ್ಳುವ ಮುನ್ನ, ಪೆನ್‌ಡ್ರೈವ್ ನಂಬುವ ಮುನ್ನ

ಪ್ರಶ್ನೆ: ನಾನು ಸಣ್ಣದೊಂದು ಡಿಟಿಪಿ ಕೇಂದ್ರ ನಡೆಸುತ್ತಿದ್ದೇನೆ. 2014ರಲ್ಲಿ ಕೊಂಡ ಲ್ಯಾಪ್‌ಟಾಪ್ ಶುರುವಾಗುವುದಕ್ಕೇ ನಾಲ್ಕೈದು ನಿಮಿಷ ಹಿಡಿಯುತ್ತದೆ. ಎಸ್‌ಎಸ್‌ಡಿ ಹಾಕಿಸೋಣವೆಂದು ಹೋದರೆ ಒಂದು ಅಂಗಡಿಯವರು ಎನ್‌ವಿಎಂಇ ತೆಗೆದುಕೊಳ್ಳಿ ಎಂದರು, ಇನ್ನೊಬ್ಬರು ಸಾಟಾ ಸಾಕು ಎಂದರು. ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದೆ ಎಂದೂ ಕೇಳಿದ್ದೇನೆ. ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್. ಸಾಟಾ, ಎನ್‌ವಿಎಂಇ ಎಂಬುವು ಅದನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ಬಗೆಗಳು. ನಿಮ್ಮ ಲ್ಯಾಪ್‌ಟಾಪಿಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸರಿ. 2014ರ ಸುಮಾರಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಕೂರಿಸುವ ಸ್ಲಾಟ್ ಇರುವುದಿಲ್ಲ. ಸಾಟಾ ಎಸ್‌ಎಸ್‌ಡಿಯಾದರೆ ಈಗಿನ ಹಾರ್ಡ್‌ಡಿಸ್ಕ್ ತೆಗೆದ ಜಾಗದಲ್ಲಿ, ಅದೇ ಕನೆಕ್ಟರಿಗೆ ಕೂರುತ್ತದೆ.

ವೇಗದ ಅಂಕಿಗಳನ್ನು ನೋಡಿ ನೀವು ಕಳವಳಪಡಬೇಕಾಗಿಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಎನ್‌ವಿಎಂಇ 3,500 ಎಂಬಿ, ಹೊಸ ಪೀಳಿಗೆಯದಾದರೆ 7,000 ಎಂಬಿ ಅಥವಾ ಇನ್ನೂ ಹೆಚ್ಚು ಓದುತ್ತದೆ ಎಂಬುದು ನಿಜ. ಆದರೆ ಅದು ದೊಡ್ಡದೊಂದು ಕಡತವನ್ನು ಒಂದೇ ಸಮನೆ ಓದುವಾಗಿನ ಲೆಕ್ಕ. ವಿಂಡೋಸ್ ಶುರುವಾಗುವಾಗ ನಡೆಯುವುದು ಸಾವಿರಾರು ಚಿಕ್ಕ ಕಡತಗಳ ಹುಡುಕಾಟ. ಹಾರ್ಡ್‌ಡಿಸ್ಕ್ ಪ್ರತಿ ಸಲವೂ ಮಾಹಿತಿ ಓದುವ ತನ್ನ ಹೆಡ್ಡನ್ನು ಸರಿಸಿ, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕಾದ್ದರಿಂದ ಸೆಕೆಂಡಿಗೆ ಇಂಥ ನೂರಿನ್ನೂರು ಓದುಗಳನ್ನಷ್ಟೇ ಮಾಡಬಲ್ಲದು. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅಷ್ಟೇ ಸಮಯದಲ್ಲಿ ಹತ್ತಾರು ಸಾವಿರ ಮಾಡುತ್ತದೆ. ಆದ್ದರಿಂದ ಹಾರ್ಡ್‌ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಕಾಣುವ ಬದಲಾವಣೆ, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ದಿನದ ಕೆಲಸದಲ್ಲಿ ಕಾಣುವುದಿಲ್ಲ.

ಸವೆತದ ಮಾತಿಗೂ ಆಧಾರವಿದೆ, ಆದರೆ ಭಯ ಬೇಡ. ಪ್ರತಿ ಎಸ್‌ಎಸ್‌ಡಿಯ ವಿವರಪತ್ರದಲ್ಲಿ ಟಿಬಿಡಬ್ಲ್ಯೂ ಎಂಬ ಅಂಕಿ ಇರುತ್ತದೆ. ವಾರಂಟಿಯ ಮಿತಿಯೊಳಗೆ ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದು ಎಂಬುದನ್ನು ಅದು ಹೇಳುತ್ತದೆ. 500 ಜಿಬಿಯ ಒಳ್ಳೆಯ ಡ್ರೈವ್‌ಗೆ ಇದು 300 ಇರುವುದುಂಟು. ನೀವು ದಿನಕ್ಕೆ 40 ಜಿಬಿ ಬರೆದರೂ (ಡಿಟಿಪಿ ಕೆಲಸಕ್ಕೆ ಅಷ್ಟು ಬೇಕಾಗುವುದೇ ಇಲ್ಲ) ಆ ಮಿತಿ ಮುಟ್ಟಲು ಇಪ್ಪತ್ತು ವರ್ಷ ಬೇಕು. ನಿಜವಾಗಿ ನೋಡಬೇಕಾದದ್ದು ಒಳಗಿನ ಚಿಪ್ ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಎಂಬುದನ್ನು. ಒಂದೊಂದು ಕೋಶದಲ್ಲಿ ಟಿಎಲ್‌ಸಿ ಮೂರು ಬಿಟ್, ಕ್ಯೂಎಲ್‌ಸಿ ನಾಲ್ಕು ಬಿಟ್ ಇಡುತ್ತದೆ. ಹೆಚ್ಚು ತುಂಬಿದಷ್ಟೂ ಬೆಲೆ ಇಳಿಯುತ್ತದೆ, ಬಾಳಿಕೆಯೂ ಇಳಿಯುತ್ತದೆ. ಕ್ಯೂಎಲ್‌ಸಿ ಡ್ರೈವ್‌ಗೆ ಒಮ್ಮೆಲೇ ಬಹಳಷ್ಟು ನಕಲು ಮಾಡಿದರೆ ಬರೆಯುವ ವೇಗ ಹಾರ್ಡ್‌ಡಿಸ್ಕಿಗಿಂತಲೂ ಕೆಳಗಿಳಿಯಬಹುದು. ಬೆಲೆಯ ಅಂತರ ಅಲ್ಪವಾಗಿದ್ದರೆ ಟಿಎಲ್‌ಸಿಯನ್ನೇ, ಐದು ವರ್ಷ ವಾರಂಟಿಯಿರುವುದನ್ನೇ ಆರಿಸಿ. ಗಾತ್ರ 500 ಜಿಬಿಗೆ ಕಡಿಮೆ ಬೇಡ. ತುಂಬಿ ತುಳುಕುವ ಎಸ್‌ಎಸ್‌ಡಿ ನಿಧಾನವಾಗುತ್ತದೆ.

ಇನ್ನೊಂದು ಮಾತು. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಮಾಡಿದ ಪೇಜ್‌ಮೇಕರ್ ಕಡತಗಳು ನಿಮ್ಮಲ್ಲಿ ಇದ್ದೇ ಇರುತ್ತವೆ. ಕಡತಗಳ ಜೊತೆಗೆ ಆ ಫಾಂಟುಗಳನ್ನೂ ಮರೆಯದೆ ತೆಗೆದಿಟ್ಟುಕೊಳ್ಳಿ. ತೆಗೆದ ಹಾರ್ಡ್‌ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಯುಎಸ್‌ಬಿ ಕೇಸ್ ಒಂದರಲ್ಲಿ ಹಾಕಿಸಿಕೊಂಡರೆ ಹಳೆಯ ಕೆಲಸಗಳಿಗೆ ಅದೇ ಬ್ಯಾಕಪ್ ಆಗುತ್ತದೆ.

ಪ್ರಶ್ನೆ: ಶಾಲೆಯ ಪಾಠದ ವಿಡಿಯೊಗಳಿಗಾಗಿ ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ತರಿಸಿದೆ. ಕಂಪ್ಯೂಟರ್ 2 ಟಿಬಿ ಎಂದೇ ತೋರಿಸುತ್ತದೆ, ಕಡತಗಳ ಹೆಸರೂ ಕಾಣುತ್ತದೆ, ಆದರೆ ಅರ್ಧಕ್ಕರ್ಧ ವಿಡಿಯೊಗಳು ತೆರೆಯುವುದಿಲ್ಲ.
– ಶಿಕ್ಷಕರು, ಕೊಪ್ಪಳ

ಉತ್ತರ: ನಿಮಗೆ ಬಂದಿರುವುದು ನಕಲಿ ಡ್ರೈವ್ ಎಂಬುದರಲ್ಲಿ ಸಂಶಯವಿಲ್ಲ. ಇಂಥವುಗಳ ಒಳಗೆ 32 ಅಥವಾ 64 ಜಿಬಿಯ ಚಿಪ್ ಇಟ್ಟು, ಕಂಪ್ಯೂಟರ್ ಕೇಳಿದಾಗ ‘ನನ್ನಲ್ಲಿ 2 ಟಿಬಿ ಇದೆ’ ಎಂದು ಸುಳ್ಳು ಹೇಳುವಂತೆ ಚಿಪ್ಪನ್ನು ನಡೆಸುವ ನಿಯಂತ್ರಕವನ್ನು ತಿದ್ದಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದು ಎಲ್ಲಿಯೂ ಉಳಿಯುವುದಿಲ್ಲ, ಇಲ್ಲವೇ ಮೊದಲು ಬರೆದದ್ದರ ಮೇಲೆಯೇ ಬೀಳುತ್ತದೆ. ಹೆಸರುಗಳ ಪಟ್ಟಿ ಡ್ರೈವಿನ ಆರಂಭದ ಭಾಗದಲ್ಲಿ ಇರುವುದರಿಂದ ಅದು ಮಾತ್ರ ನೆಟ್ಟಗೆ ಕಾಣುತ್ತದೆ. ಮೋಸ ತಡವಾಗಿ ಗೊತ್ತಾಗುವುದು ಇದರಿಂದಲೇ.

ಇನ್ನು ಅದಕ್ಕೆ ಏನನ್ನೂ ಬರೆಯಬೇಡಿ. ತೆರೆಯುತ್ತಿರುವ ವಿಡಿಯೊಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿ, ಆಮೇಲೆ ವಿಂಡೋಸ್‌ನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್‌3 ಎಂಬ ಉಚಿತ ತಂತ್ರಾಂಶವನ್ನು ಓಡಿಸಿ. ಅವು ಡ್ರೈವನ್ನು ತುಂಬ ಬರೆದು, ಮರಳಿ ಓದಿ, ನಿಜವಾದ ಗಾತ್ರವನ್ನು ಹೇಳುತ್ತವೆ. ಆ ಫಲಿತಾಂಶದ ಚಿತ್ರದೊಂದಿಗೆ ಹಣ ವಾಪಸ್ ಕೇಳಿ. ಯಾವುದೇ ಹೊಸ ಪೆನ್‌ಡ್ರೈವನ್ನು ಹಿಂದಿರುಗಿಸುವ ಗಡುವಿನೊಳಗೇ ಹೀಗೆ ಪರೀಕ್ಷಿಸುವುದು ಒಳ್ಳೆಯದು. ಆದರೆ 64 ಜಿಬಿ ಡ್ರೈವ್ 59 ಎಂದು, 1 ಟಿಬಿ ಡ್ರೈವ್ 931 ಎಂದು ತೋರಿಸಿದರೆ ಅದು ಮೋಸವಲ್ಲ. ತಯಾರಕರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಪ್ರಶ್ನೆ: ತೀರಿಕೊಂಡ ನಮ್ಮ ಅಜ್ಜಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣ ಒಂದು ಪೆನ್‌ಡ್ರೈವಿನಲ್ಲಿದೆ. ಅದನ್ನು ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದೇವೆ. ಎಷ್ಟು ವರ್ಷ ಉಳಿದೀತು?
– ಓದುಗರು, ಮಂಡ್ಯ

ಉತ್ತರ: ದಯವಿಟ್ಟು ಇಂದೇ ಅದನ್ನು ತೆಗೆದು ಇನ್ನೆರಡು ಕಡೆ ನಕಲು ಮಾಡಿ, ಆಮೇಲೆ ಮುಂದಿನ ಸಾಲು ಓದಿ. ಪೆನ್‌ಡ್ರೈವ್ ಆಗಲಿ ಎಸ್‌ಎಸ್‌ಡಿ ಆಗಲಿ, ಮಾಹಿತಿಯನ್ನು ಇಡುವುದು ಅತಿ ಸಣ್ಣ ಕೋಶಗಳಲ್ಲಿ ಸಿಕ್ಕಿಸಿದ ವಿದ್ಯುದಾವೇಶದ ರೂಪದಲ್ಲಿ. ಆ ಆವೇಶ ನಿಧಾನವಾಗಿ ಸೋರುತ್ತದೆ, ಸೆಕೆ ಹೆಚ್ಚಿದ್ದರೆ ಬೇಗ ಸೋರುತ್ತದೆ. ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಚಿಪ್ ಉದ್ಯಮಕ್ಕೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ ವಿಧಿಸಿರುವ ಮಾನದಂಡವೆಂದರೆ, ಬರೆಯುವ ಮಿತಿ ಪೂರ್ತಿ ಮುಗಿದ ಮೇಲೂ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಯಬೇಕು ಎಂಬುದು. ಕಡಿಮೆ ಬಳಸಿದ ಡ್ರೈವಿನಲ್ಲಿ ಅದು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಆದರೆ ಅಗ್ಗದ ಪೆನ್‌ಡ್ರೈವಿನಲ್ಲಿ ಯಾವ ದರ್ಜೆಯ ಚಿಪ್ ಇದೆಯೆಂದು ಕೊಂಡವರಿಗೆ ತಿಳಿಯುವುದೇ ಇಲ್ಲ. ಪೆನ್‌ಡ್ರೈವ್ ಇರುವುದು ಒಯ್ಯುವುದಕ್ಕೆ. ಕಾಪಿಡುವುದಕ್ಕೆ ಅದನ್ನು ನೆಚ್ಚಬಾರದು.

ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಒಂದು ಗೂಗಲ್ ಡ್ರೈವ್‌ನಂಥ ಕಡೆ ಇರಲಿ. ಬೇರೆ ಊರಿನಲ್ಲಿರುವ ನೆಂಟರಿಗೂ ಒಂದು ಪ್ರತಿ ಕೊಡಿ. ವರ್ಷಕ್ಕೊಮ್ಮೆ ಎಲ್ಲವನ್ನೂ ತೆರೆದು ಕೇಳಿ ನೋಡಿ. ಅಂಥ ದನಿಯನ್ನು ಮತ್ತೆ ಮುದ್ರಿಸಿಕೊಳ್ಳಲು ಸಾಧ್ಯವಿಲ್ಲ.

ಪ್ರಶ್ನೆ: ಪೆನ್‌ಡ್ರೈವಿನಲ್ಲಿ 20 ಜಿಬಿ ಖಾಲಿಯಿದ್ದರೂ 6 ಜಿಬಿಯ ಮದುವೆ ವಿಡಿಯೊ ನಕಲಾಗುವುದಿಲ್ಲ, ಏಕೆ?
– ಓದುಗರು, ಪುತ್ತೂರು

ಉತ್ತರ: ನಿಮ್ಮ ಡ್ರೈವ್ ಕಡತಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿದೆ, ಅದರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ವಿಧಾನಕ್ಕೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಫಾರ್ಮ್ಯಾಟ್ ಮಾಡಿದಾಗ ಒಳಗಿರುವುದೆಲ್ಲ ಅಳಿಸಿಹೋಗುವುದರಿಂದ ಮೊದಲು ಅವನ್ನು ಬೇರೆಡೆ ಇಟ್ಟುಕೊಳ್ಳಿ. ಹಳೆಯ ಟಿವಿ ಮತ್ತು ಕಾರಿನ ಸ್ಟೀರಿಯೊಗಳು ಎಕ್ಸ್‌ಫ್ಯಾಟ್ ಓದದಿರಬಹುದು. ಅವುಗಳಿಗಾಗಿ ಚಿಕ್ಕದೊಂದು ಪೆನ್‌ಡ್ರೈವ್ ಫ್ಯಾಟ್32ರಲ್ಲೇ ಇರಲಿ.